ಭಾನುವಾರದ ನಿದ್ದೆ

ನಾವು ಆಗ ನಂಜನಗೂಡಿನಲ್ಲಿ ಬಾಡಿಗೆಗಿದ್ದ ಮನೆಗೆ ಎರಡೇ ಕೋಣೆ. ಮುಂದೆ ನಡುಮನೆ, ಹಿಂದೆ ಅಡುಗೆಮನೆ, ಮೇಲೆ ಸಿಮೆಂಟ್ ಶೀಟು. ಒಂದೇ ಸಾಲಿನಲ್ಲಿ ಅಂಥವೇ ಐದು ಮನೆ. ಐದಕ್ಕೂ ಸೇರಿ ಹಿತ್ತಲಿನಲ್ಲಿ ಒಂದು ನಲ್ಲಿ, ಒಂದು ಬಟ್ಟೆ ಒಗೆಯುವ ಕಲ್ಲು. ಅಡುಗೆಮನೆಯಿಂದ ಬೀದಿಗೆ ಹೋಗಬೇಕಾದರೆ ನಡುಮನೆ ದಾಟಬೇಕು. ಭಾನುವಾರವಾದರೆ ನಮ್ಮ ಯಜಮಾನರ ಕಾಲುಗಳನ್ನೂ ದಾಟಬೇಕು.

ಅವರು ಊರಾಚೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕಿದ್ದರು. ಆ ವರ್ಷ ಪೂರ್ತಿ ಅವರಿಗೆ ರಾತ್ರಿ ಪಾಳಿ, ವಾರದ ರಜೆ ಬುಧವಾರ. ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಮಗನಿಗೆ ಮೂರು, ಅಂಗನವಾಡಿ. ವಾರದ ದಿನಗಳಲ್ಲಿ ಅವರು ಪಾಳಿ ಮುಗಿಸಿ ಬರುವ ಹೊತ್ತಿಗೆ ನಾವು ಮೂವರೂ ಹೊರಟು ನಿಂತಿರುತ್ತಿದ್ದೆವು. ಅವರು ಖಾಲಿ ಮನೆಯಲ್ಲಿ ಮಲಗುತ್ತಿದ್ದರು. ಹಗಲಿನಲ್ಲಿ ನಾಲ್ಕೂ ಜನ ಒಂದೇ ಸೂರಿನಡಿ ಇರುತ್ತಿದ್ದದ್ದು ಭಾನುವಾರ ಮಾತ್ರ. ಆ ಒಂದು ಹಗಲು ಅವರು ಮಲಗಿರುತ್ತಿದ್ದರು, ಉಳಿದ ಮೂವರು ಉಸಿರು ಬಿಗಿಹಿಡಿದು ಓಡಾಡುತ್ತಿದ್ದೆವು.

ಸದ್ದು ಮಾಡಬಾರದು ಅನ್ನುವ ನಿಯಮ ಮಾಡಿದ್ದು ಅವರಲ್ಲ, ನಾನು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಈ ಕಥೆ ಕೇಳಿದವರೆಲ್ಲ ಗಂಡಸು ಕೋಪಿಷ್ಠನಿರಬೇಕು ಅಂದುಕೊಳ್ಳುತ್ತಾರೆ. ಅವರು ಮಕ್ಕಳ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ನಾನು ಹೇಳಹೊರಟ ಭಾನುವಾರಕ್ಕೂ ಆರು ತಿಂಗಳ ಹಿಂದೆ ಇನ್ನೊಂದು ಭಾನುವಾರ ಚಿಕ್ಕವನಿಗೆ ಜ್ವರ ಬಂದು ಹಗಲೆಲ್ಲ ಅತ್ತಿದ್ದ. ಅವರು ರೆಪ್ಪೆ ಮುಚ್ಚಲಿಲ್ಲ. ನಾನು ಎಷ್ಟು ಹೇಳಿದರೂ ಕೇಳದೆ ಅವನನ್ನು ಎತ್ತಿಕೊಂಡು ಬೀದಿಯಲ್ಲಿ ಅಡ್ಡಾಡಿದರು. ಆ ರಾತ್ರಿ ಮಿಷನ್ ಮುಂದೆ ತೂಕಡಿಕೆ ಬಂದು ಎಡಗೈಯ ಉಂಗುರದ ಬೆರಳು ಮೇಲಿನ ಗಿಣ್ಣಿನವರೆಗೆ ಹೋಯಿತು. ಬ್ಯಾಂಡೇಜು ಸುತ್ತಿಕೊಂಡು ಬೆಳಿಗ್ಗೆ ಬಾಗಿಲಲ್ಲಿ ನಿಂತವರ ಮುಖ ನೋಡಿ ನನಗೆ ಅಳು ಬರಲಿಲ್ಲ, ಹೆದರಿಕೆ ಬಂತು. ಇವತ್ತು ಬೆರಳು, ನಾಳೆ ಇನ್ನೇನು?

ಮಕ್ಕಳಿಗೆ ತಿಳಿಯುವ ಹಾಗೆ ಹೇಳಬೇಕಲ್ಲ. ನಾನು ಮಗಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದ್ದೆ: "ನೋಡವ್ವ, ಭಾನ್ವಾರ ನೀನು ಸದ್ದು ಮಾಡಿದ್ರೆ ಅಪ್ಪಂಗೆ ನಿದ್ದೆ ಬರಲ್ಲ. ನಿದ್ದೆ ಬರ್ನಿಲ್ಲ ಅಂದ್ರೆ ಅಪ್ಪನ್ ಕೈ ಮಿಷನ್ಗೆ ಸಿಕ್ಕಾಕತದೆ. ಪೂರ್ತಿ ಕೈನೇ ಓಗ್ಬುಡ್ತದೆ."

ಅವಳು ತಲೆಯಾಡಿಸಿದಳು. ಆಮೇಲೆ ಒಂದು ಮಾತು ಕೇಳಿದಳು: "ರಕ್ತ ಬತ್ತದಾ?"

"ಊಂ, ಬತ್ತದೆ" ಅಂದೆ.

ಅಲ್ಲಿಂದ ಮುಂದೆ ನಾನು ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಭಾನುವಾರ ಬಂತೆಂದರೆ ಅವಳು ತಾನಾಗಿಯೇ ಕಾಲ್ಗೆಜ್ಜೆ ಬಿಚ್ಚಿ ಗೂಡಿನಲ್ಲಿಡುತ್ತಿದ್ದಳು. ಲೋಟಗಳನ್ನು ಒಂದರೊಳಗೊಂದು ಇಡದೆ ಬಟ್ಟೆ ಹಾಸಿ ಸಾಲಾಗಿ ಬೋರಲು ಹಾಕುತ್ತಿದ್ದಳು. ತಮ್ಮ ಬಾಯಿ ತೆಗೆದರೆ ಓಡಿ ಬಂದು ಅವನ ಬಾಯಿಗೆ ಅಂಗೈ ಮುಚ್ಚುತ್ತಿದ್ದಳು. ಎಷ್ಟು ಜಾಣೆ ಅಂತ ನಾನು ಗಾರ್ಮೆಂಟ್ಸಿನಲ್ಲಿ ಜೊತೆಯವರ ಹತ್ತಿರ ಹೇಳಿಕೊಂಡಿದ್ದೂ ಉಂಟು.

ಆ ಭಾನುವಾರವೂ ಬೇರೆ ಭಾನುವಾರಗಳ ಹಾಗೆಯೇ ಶುರುವಾಯಿತು. ಏಳೂವರೆಗೆ ಅವರು ಬಂದರು. ಹಿಂದಿನ ದಿನವೇ ರುಬ್ಬಿಟ್ಟ ಹಿಟ್ಟಿನಲ್ಲಿ ಇಡ್ಲಿ ಮಾಡಿದ್ದೆ, ಮಿಕ್ಸಿ ಹಾಕುವ ಹಾಗಿಲ್ಲವಾದ್ದರಿಂದ ಚಟ್ನಿಪುಡಿ. ಸ್ನಾನ ಮಾಡಿ, ನಾಲ್ಕು ಇಡ್ಲಿ ತಿಂದು, ಮಗನ ಕೆನ್ನೆ ಸವರಿ, ಮಗಳ ಹೋಮ್‌ವರ್ಕ್ ಪುಸ್ತಕ ತಿರುವಿ ನೋಡಿ, ಎಂಟೂವರೆಗೆಲ್ಲ ಟವೆಲನ್ನು ಕಣ್ಣಿಗೆ ಕಟ್ಟಿಕೊಂಡು ಚಾಪೆಯ ಮೇಲೆ ಉರುಳಿದರು. ಹಿಂದಿನ ರಾತ್ರಿ ಯಾರೋ ರಜೆ ಹಾಕಿದ್ದರಿಂದ ಇಬ್ಬರ ಕೆಲಸ ಇವರೊಬ್ಬರೇ ಮಾಡಿದ್ದರಂತೆ. "ನಾಕ್ ಗಂಟೆಗೆ ಎಬ್ಬುಸು" ಅಂದವರಿಗೆ ಆ ಮಾತು ಮುಗಿಯುವಷ್ಟರಲ್ಲಿ ನಿದ್ದೆ.

ನಾನು ಮಕ್ಕಳಿಬ್ಬರಿಗೂ ಹಿತ್ತಲಿನಲ್ಲಿ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಸೀಗೆಪುಡಿ ಕಣ್ಣಿಗೆ ಬಿದ್ದರೂ ಇಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ. ಆಮೇಲೆ ವಾರದ ಬಟ್ಟೆಯ ರಾಶಿಯ ಮುಂದೆ ಕೂತೆ. ಕಲ್ಲಿಗೆ ಬಡಿಯುವ ಹಾಗಿಲ್ಲ, ಕೈಯಲ್ಲೇ ಉಜ್ಜಬೇಕು. ಹಾಗೆ ಒಗೆದರೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಪಕ್ಕದ ಸೈಟಿನಲ್ಲಿ ಯಾರದೋ ಮನೆ ಕಟ್ಟುವ ಕೆಲಸ ಅರ್ಧಕ್ಕೆ ನಿಂತಿತ್ತು. ಮರಳಿನ ಗುಡ್ಡೆ, ಜಲ್ಲಿ, ಗಾರೆ ಬಳಿಯದ ಇಟ್ಟಿಗೆ ಗೋಡೆ. "ಅಲ್ಲಿ ಮಳ್ಳಲ್ಲಿ ಆಡ್ಕೊಳಿ, ಸದ್ದು ಬರ್ಬಾರ್ದು" ಅಂತ ಇಬ್ಬರನ್ನೂ ಕಳಿಸಿದೆ. ನಾನು ಕೂತಲ್ಲಿಂದ ಮರಳು ಕಾಣುತ್ತಿರಲಿಲ್ಲ. ಸದ್ದೇನಾದರೂ ಆದರೆ ಓಡಿ ಹೋಗುತ್ತೇನಲ್ಲ ಅನ್ನುವುದು ನನ್ನ ಧೈರ್ಯ.

ಸದ್ದಾಗಲಿಲ್ಲ. ಒಂದು ಗಂಟೆ ಕಳೆದರೂ ಆಗಲಿಲ್ಲ. ಮಕ್ಕಳು ಚೆನ್ನಾಗಿ ಆಡುತ್ತಿವೆ ಅಂದುಕೊಂಡೆ.

ಹನ್ನೊಂದರ ಸುಮಾರಿಗೆ ಚಿಕ್ಕವನು ಮೈಯೆಲ್ಲ ಮರಳು ಮಾಡಿಕೊಂಡು ಬಂದು ನನ್ನ ಸೆರಗು ಜಗ್ಗಿದ. "ಅಮ್ಮಾ, ಅಕ್ಕ ಬಿದ್ದೋಯ್ತು" ಅಂದ. ಜೋರಾಗಿಯೇ ಅಂದ. ನಾನು ಸೋಪಿನ ಕೈಯನ್ನು ಅವನ ಬಾಯಿಯ ಹತ್ತಿರ ತಂದು "ಷ್!" ಅಂದೆ. ಅವನು ಇನ್ನೊಂದು ಸಲ ಹೇಳಲು ಹೋದ. ತೊಡೆಯ ಮೇಲೆ ಚಿವುಟಿದೆ. ಅಷ್ಟರಲ್ಲಿ ಮಗಳು ಗೋಡೆಯ ಮೂಲೆಯಿಂದ ನಡೆದು ಬಂದಳು. ನೆಟ್ಟಗೆ ನಡೆದೇ ಬಂದಳು. ಲಂಗದಲ್ಲಿ ಮರಳು, ಮೊಣಕಾಲಿನಲ್ಲಿ ಒಂದು ತರಚು ಗಾಯ. "ಏನಾಯ್ತೆ?" ಅಂತ ಪಿಸುಗುಟ್ಟಿದೆ. "ಏನಿಲ್ಲ" ಅಂತ ಅವಳೂ ಪಿಸುಗುಟ್ಟಿದಳು. ಗಾಯಕ್ಕೆ ಎಂಜಲು ಹಚ್ಚಿ ಮತ್ತೆ ಬಟ್ಟೆಗೆ ಕೂತೆ.

ಒಂದೂವರೆಗೆ ಊಟಕ್ಕೆ ಬಡಿಸಿದೆ. ಕುಕ್ಕರ್ ಕೂಗಿಸುವ ಹಾಗಿಲ್ಲವಾದ್ದರಿಂದ ಭಾನುವಾರ ನಮ್ಮದು ಪಾತ್ರೆಯಲ್ಲಿ ಬಸಿದ ಅನ್ನ. ಅಡುಗೆಮನೆಯ ನೆಲದ ಮೇಲೆ ಮೂವರೂ ಕೂತೆವು. ಮಗಳು ಸಾರು ಅನ್ನವನ್ನು ಎಡಗೈಯಲ್ಲಿ ಕಲಸತೊಡಗಿದಳು. ಬಲಗೈ ಲಂಗದ ಮಡಿಕೆಯೊಳಗಿತ್ತು.

"ಎಡಗೈಲ್ ಉಣ್ತಾರಾ ಯಾರಾದ್ರೂ? ತಗಿ" ಅಂದೆ.

ಅವಳು ಕೈ ತೆಗೆಯಲಿಲ್ಲ. ಉಣ್ಣುವುದನ್ನೂ ನಿಲ್ಲಿಸಿಬಿಟ್ಟಳು. ನನಗೆ ಬೆಳಗಿನಿಂದ ಬಟ್ಟೆ ಹಿಂಡಿ ಹಿಂಡಿ ಭುಜ ನೋಯುತ್ತಿತ್ತು. ಬಗ್ಗಿ ಅವಳ ಬಲಗೈ ಹಿಡಿದು ತಟ್ಟೆಗೆ ಎಳೆದೆ.

ಆಮೇಲೆ ನಾನು ನೋಡಿದ್ದನ್ನು ಮರೆಯಲು ಆಗಿಲ್ಲ. ಅವಳ ಬಾಯಿ ಪೂರ್ತಿ ತೆರೆದುಕೊಂಡಿತು, ಕಿರುನಾಲಿಗೆ ಕಾಣುವಷ್ಟು. ಕತ್ತಿನ ನರ ಉಬ್ಬಿತು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಆದರೆ ಆ ಬಾಯಿಯಿಂದ ಒಂದು ಚೂರೂ ಸದ್ದು ಬರಲಿಲ್ಲ. ಹಾಗೆ ಅಳುವುದನ್ನು ಅವಳು ಅವತ್ತು ಕಲಿತದ್ದಲ್ಲ. ಅದು ಅಭ್ಯಾಸವಾದ ಅಳು. ಎಷ್ಟು ಭಾನುವಾರಗಳಿಂದ ಹಾಗೆ ಅಳುತ್ತಿದ್ದಳೋ ನನಗೆ ಗೊತ್ತಿಲ್ಲ.

ಕೈ ಬಿಟ್ಟೆ. ಮಣಿಕಟ್ಟಿನ ಮೇಲೆ ಊದಿ ನೀಲಿಗಟ್ಟಿತ್ತು. ಕೈ ನೇರವಾಗಿರಬೇಕಾದ ಕಡೆ ಸಣ್ಣಗೆ ಬಾಗಿತ್ತು.

"ಯಾವಾಗಾಯ್ತವ್ವ?" ಅಂದೆ.

"ಬೆಳಿಗ್ಗೆ. ತಮ್ಮ ಗ್ವಾಡೆ ಅತ್ಬುಟ್ಟಿತ್ತು. ಇಳ್ಸಕ್ಕೋದೆ. ಬಿದ್ದೋದೊ."

"ಯೋಳ್ಬಾರ್ದಾ ನಂಗೆ?"

ಅವಳು ನಡುಮನೆಯ ಕಡೆ ನೋಡಿದಳು. ಕೇಳಿದ ನಾನೇ ದಡ್ಡಿ ಅನ್ನುವ ಹಾಗಿತ್ತು ಆ ನೋಟ. "ಅಪ್ಪ ಮಲ್ಗಿತ್ತಲ್ಲ" ಅಂದಳು.

ಎರಡೂವರೆ ಗಂಟೆಗಳ ಕಾಲ ಅವಳು ಮುರಿದ ಕೈ ಹಿಡಿದುಕೊಂಡು ಓಡಾಡಿದ್ದಳು. ಅವರನ್ನು ಎಬ್ಬಿಸಲು ಹೋದೆ. ಭುಜ ಮುಟ್ಟಿದ ಕೂಡಲೇ ಮಗಳು ಹಿಂದಿನಿಂದ ಓಡಿಬಂದು ಎಡಗೈಯಲ್ಲಿ ನನ್ನ ಸೀರೆ ಹಿಡಿದು ಜಗ್ಗಿದಳು. "ಬ್ಯಾಡಮ್ಮ, ಬ್ಯಾಡ, ನಾಕ್ ಗಂಟೆ ಆಗ್ನಿಲ್ಲ" ಅಂತ ಪಿಸುಮಾತಿನಲ್ಲೇ ಗೋಗರೆದಳು. ಅಷ್ಟರಲ್ಲಿ ಅವರು ಟವೆಲ್ ಕಿತ್ತು ಎದ್ದು ಕೂತಿದ್ದರು. ಕೆಂಪು ಕಣ್ಣು. ಒಂದು ಕ್ಷಣ ಎಲ್ಲಿದ್ದೇನೆ ಅನ್ನುವುದೇ ತಿಳಿಯದ ಹಾಗೆ ನೋಡಿದರು. ನಾನು ಅವಳ ಕೈ ತೋರಿಸಿದೆ. ಅವರು ಪ್ಯಾಂಟು ಹಾಕಿಕೊಂಡು ಬೈಕಿನ ಕೀಲಿ ಹುಡುಕಿದರು.

ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆವು. ಭಾನುವಾರ, ಅಲ್ಲಿದ್ದದ್ದು ನರ್ಸ್ ಒಬ್ಬರೇ. ಕೈ ನೋಡಿ ರಟ್ಟು ಕತ್ತರಿಸಿ ಅಡಿಗಿಟ್ಟು ಬಟ್ಟೆ ಸುತ್ತಿದರು. "ಮುರ್ದೈತೆ ಕಣ್ರೀ. ಎಕ್ಸ್‌ರೇ ಆಗ್ಬೇಕು. ಇವತ್ತು ಇಲ್ಲಾಗಲ್ಲ, ಮೈಸೂರಿಗೆ ಕರ್ಕೊಂಡೋಗಿ. ಬೇಗ ಓದ್ರೆ ಒಳ್ಳೇದು" ಅಂದರು.

ಹೊರಗೆ ಬಂದು ಬೈಕಿನ ಹತ್ತಿರ ನಿಂತೆವು. ಅವರು ಗಡಿಯಾರ ನೋಡಿಕೊಂಡರು.

"ಮೈಸೂರಿಗೋದ್ರೆ ಅಡ್ಮಿಟ್ ಮಾಡ್ಕೋತಾರೆ. ಇವತ್ತ್ ಮುಗಿಯಲ್ಲ ಅದು. ಪಾಳಿ ತಪ್ಪುತ್ತೆ" ಅಂದರು. ಎರಡು ವಾರದ ಹಿಂದೆ ಹೇಳದೆ ರಜೆ ಹಾಕಿದ ಇಬ್ಬರನ್ನು ಗುತ್ತಿಗೆಯವನು ಗೇಟಿನಿಂದಲೇ ವಾಪಸ್ ಕಳಿಸಿದ್ದ. ಅದು ನನಗೂ ಗೊತ್ತಿತ್ತು. "ಮೂಗೂರಿನ್ ಆಚೆ ಒಬ್ರು ಮೂಳೆ ಕಟ್ತಾರೆ. ಚಿಕ್ಕುಡ್ಗ ಆಗಿದ್ದಾಗ ನನ್ ಕಾಲ್ನೂ ಅವ್ರೇ ಕಟ್ಟಿದ್ದು. ಅರ್ಧ ಗಂಟೆ ಕೆಲ್ಸ. ಒಂಬತ್ತಕ್ಕೆ ವಾಪಸ್ ಬಂದ್ಬುಡ್ಬೋದು. ಏನಂತೀಯ?"

ನನ್ನ ಮನಸ್ಸಿನಲ್ಲಿದ್ದದ್ದು ಮೈಸೂರು. ನರ್ಸ್ ಹೇಳಿದ ಮಾತು ಕಿವಿಯಲ್ಲಿತ್ತು. ನಾನು ಮಕ್ಕಳನ್ನು ಕರೆದುಕೊಂಡು ಬಸ್ಸಿನಲ್ಲಿ ಮೈಸೂರಿಗೆ ಹೋಗುತ್ತೇನೆ, ನೀವು ಪಾಳಿಗೆ ಹೋಗಿ ಅನ್ನಬಹುದಿತ್ತು. ಆಸ್ಪತ್ರೆಯಲ್ಲಿ ಒಬ್ಬಳೇ ಏನು ಮಾಡಲಿ, ಚಿಕ್ಕವನನ್ನು ಎಲ್ಲಿ ಬಿಡಲಿ, ಸೋಮವಾರ ನನ್ನ ಕೆಲಸ ಏನಾಗುತ್ತದೆ ಅಂತೆಲ್ಲ ಯೋಚಿಸಿದೆ. "ನಿಮ್ಮಿಷ್ಟ" ಅಂದೆ.

ನಾಲ್ವರೂ ಒಂದೇ ಬೈಕಿನಲ್ಲಿ ನರಸೀಪುರದ ದಾರಿ ಹಿಡಿದೆವು. ಮಗ ಮುಂದೆ ಟ್ಯಾಂಕಿನ ಮೇಲೆ, ಮಗಳು ನಮ್ಮಿಬ್ಬರ ನಡುವೆ, ನಾನು ಹಿಂದೆ ಅವಳ ಕೈ ಅಲುಗದ ಹಾಗೆ ಹಿಡಿದುಕೊಂಡು. ಸುಡುವ ಬಿಸಿಲು. ಎರಡೂ ಕಡೆ ಗದ್ದೆ, ಅಲ್ಲಲ್ಲಿ ಕಬ್ಬಿನ ಲೋಡಿನ ಟ್ರ್ಯಾಕ್ಟರು. ಹತ್ತು ಮೈಲಿ ಹೋಗಿರಬಹುದು, ಬೈಕು ನಿಧಾನವಾಗಿ ಎಡಕ್ಕೆ ಸರಿಯತೊಡಗಿತು. ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡುತ್ತಿದ್ದಾರೆ ಅಂದುಕೊಂಡೆ. ಎದುರಿಗೆ ಟ್ರ್ಯಾಕ್ಟರ್ ಇರಲಿಲ್ಲ. ಚಕ್ರ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಿತು. ಪಕ್ಕದಲ್ಲಿ ತುಂಬಿ ಹರಿಯುವ ನಾಲೆ. "ರೀ!" ಅಂತ ಕಿರುಚಿ ಬೆನ್ನಿಗೆ ಗುದ್ದಿದೆ. ಬ್ರೇಕು ಹಾಕಿದರು. ಬೈಕು ಓಲಾಡಿ ನಿಂತಿತು.

ಅವರು ಎರಡೂ ಕಾಲು ನೆಲಕ್ಕೆ ಕೊಟ್ಟು ಹಾಗೇ ಕೂತಿದ್ದರು. ಆಮೇಲೆ ನಾಲೆಗಿಳಿದು ಮುಖಕ್ಕೆ, ತಲೆಗೆ ನೀರು ಹಾಕಿಕೊಂಡು ಬಂದರು.

"ಏನಾರ ಮಾತಾಡ್ತಾ ಇರಿ. ಸುಮ್ನಿರ್ಬ್ಯಾಡಿ. ಸುಮ್ನಿದ್ರೆ ಕಣ್ ಮುಚ್ಕತದೆ" ಅಂದರು.

ಏನು ಮಾತಾಡಲಿ? ಗಂಡ ಹೆಂಡಿರಿಗೆ ಮಾತಾಡಿ ಅಂದರೆ ಮಾತೇ ಸಿಗಲಿಲ್ಲ. ಅಕ್ಕಿ ಮುಗಿದಿದೆ ಅಂದೆ. ಊಂ ಅಂದರು. ನಮ್ಮ ಲೈನಿನಲ್ಲಿ ಹೊಸ ಸೂಪರ್‌ವೈಸರ್ ಬಂದಿದ್ದಾನೆ ಅಂದೆ. ಊಂ ಅಂದರು. ಆ ಊಂ ಸಣ್ಣಗಾಗುತ್ತಿತ್ತು. "ನೀವ್ ಯೋಳ್ರೋ ಮಕ್ಳಾ, ಅಂಗನವಾಡೀಲಿ ಯೋಳ್ಕೊಟ್ಟಿರದ್ ಯೋಳು" ಅಂತ ಅವರು ಮಗನಿಗೆ ಹೇಳಿದರು. ಅವನಿಗೆ ಅಷ್ಟೇ ಸಾಕಾಗಿತ್ತು. ಗಾಳಿಗೆ ಬಾಯಿ ಕೊಟ್ಟು ಒಂದರಿಂದ ಹತ್ತರವರೆಗೆ ಅರಚತೊಡಗಿದ. ಐದು ಆದ ಮೇಲೆ ಏಳು, ಆಮೇಲೆ ಮತ್ತೆ ಮೂರು. ಅವರು ಜೊತೆಗೆ ಅರಚಿದರು. ನಾನೂ ಅರಚಿದೆ. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿ ನಕ್ಕರು. ಜಾಲಿಯಾಗಿ ಹೊರಟಿರುವ ಸಂಸಾರ ಅಂದುಕೊಂಡಿರಬೇಕು. ಮಗಳೊಬ್ಬಳು ಬಾಯಿ ಬಿಡಲಿಲ್ಲ. ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ ಕೂತಿದ್ದಳು.

ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಅವರು ನಿಂತಲ್ಲೇ ಎರಡು ಟೀ ಕುಡಿದರು. ಮಕ್ಕಳಿಗೆ ಬನ್ನು ಕೊಡಿಸಿದರು. ಮಗಳು ತಿನ್ನಲಿಲ್ಲ. ಮೂಗೂರು ದಾಟಿ ಆ ಹಳ್ಳಿ ಸೇರುವಾಗ ಐದು ಗಂಟೆ.

ಮೂಳೆ ಕಟ್ಟುವವರು ಮುದುಕರು. ಜಗುಲಿಯ ಮೇಲೆ ಕೂತು ದನಕ್ಕೆ ಹಗ್ಗ ಹೊಸೆಯುತ್ತಿದ್ದರು. ರಟ್ಟು ಬಿಚ್ಚಿ ಎರಡು ಬೆರಳಲ್ಲಿ ಮೂಳೆಯ ಉದ್ದಕ್ಕೂ ತಡವಿದರು. "ಎಷ್ಟೊತ್ತಾಯ್ತು ಬಿದ್ದು?" ಅಂದರು. ಬೆಳಿಗ್ಗೆ ಅಂದೆ. "ಬೆಳಿಗ್ಗೆ ಬಿದ್ದಿದ್ದಕ್ಕೆ ಈಗ ಬಂದಿದ್ದೀರಾ? ಊದ್ಬುಟ್ಟದೆ. ಕೂರುಸ್ಬೇಕಾದ್ರೆ ಜೀವ ಓಗತದೆ ಮಗೀಗೆ" ಅಂತ ಬೈದರು.

ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಅವಳ ಅಪ್ಪ ಭುಜ ಹಿಡಿದುಕೊಂಡರು. ಮುದುಕರು ಎಣ್ಣೆ ಹಚ್ಚಿ ಅಂಗೈ ಹಿಡಿದು ಮೆಲ್ಲಗೆ ಎಳೆದರು. ಅದೇ ತೆರೆದ ಬಾಯಿ, ಅದೇ ಉಬ್ಬಿದ ನರ, ಸದ್ದಿಲ್ಲ. ಮುದುಕರು ಕೈ ನಿಲ್ಲಿಸಿ ಅವಳ ಮುಖ ನೋಡಿ, ಆಮೇಲೆ ನಮ್ಮ ಮುಖ ನೋಡಿದರು.

"ಮಗಿಗೆ ಮಾತ್ ಬರಕಿಲ್ವಾ?" ಅಂದರು.

"ಬತ್ತದೆ" ಅಂದೆ.

"ಮತ್ತೆ ಕಿರ್ಚ್ಕೊಳವ್ವ. ಬಾಯ್ಬುಟ್ಟು ಅತ್ಬುಡು. ಒಳಗಿಟ್ಕೋಬ್ಯಾಡ."

ಅವಳು ತಿರುಗಿ ಅಪ್ಪನನ್ನು ನೋಡಿದಳು. "ಅಪ್ಪಾ, ನಿಂಗೆ ನಿದ್ದೆ ಆಯ್ತಾ?" ಅಂದಳು.

ಅವರಿಗೆ ಅರ್ಥವಾಗಲಿಲ್ಲ. ನಾನು ಹಿತ್ತಲಿನಲ್ಲಿ ಹೇಳಿದ್ದ ಮಾತು ಅವರಿಗೆ ಗೊತ್ತೇ ಇರಲಿಲ್ಲ. ಆದರೂ ಅವಳು ಏನೋ ಒಂದಕ್ಕೆ ಅಪ್ಪಣೆ ಕೇಳುತ್ತಿದ್ದಾಳೆ ಅನ್ನುವುದು ತಿಳಿದಿರಬೇಕು. "ಆಯ್ತು ಕಣವ್ವ. ಬೇಕಾದಷ್ಟಾಯ್ತು" ಅಂದರು.

ಆಗ ಅವಳು ಕಿರುಚಿದಳು. ಮುದುಕರು ಮೂಳೆ ಕೂರಿಸಿ, ಬಿದಿರಿನ ದಬ್ಬೆ ಇಟ್ಟು, ಬಟ್ಟೆ ಸುತ್ತಿ ಮುಗಿಸುವ ತನಕವೂ ಕಿರುಚಿದಳು. ಮುಗಿದ ಮೇಲೂ ನಿಲ್ಲಿಸಲಿಲ್ಲ. ಎದುರುಮನೆಯವರು ಬಾಗಿಲಿಗೆ ಬಂದರು. ಕಟ್ಟಿದ್ದ ದನ ಗೂಟ ಜಗ್ಗಿತು. ಚಿಕ್ಕವನು ಹೆದರಿ ಓಡಿಬಂದು, ಅವಳು ಅವನಿಗೆ ಮಾಡುತ್ತಿದ್ದ ಹಾಗೆಯೇ ಅವಳ ಬಾಯಿಗೆ ಅಂಗೈ ಮುಚ್ಚಿದ. ನಾನು ಅವನ ಕೈಯನ್ನು ತೆಗೆದೆ.

ವಾಪಸ್ ಬರುವಾಗ ಅವಳು ನಿದ್ದೆ ಹೋದಳು. ದಾರಿಯಲ್ಲಿ ನಾನು ಅವಳ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಏನು ಹೇಳಿ ಹೆದರಿಸಿದ್ದೆ, ಚಿಕ್ಕವನು ಹನ್ನೊಂದು ಗಂಟೆಗೇ ಬಂದು ಹೇಳಿದಾಗ ಏನು ಮಾಡಿದೆ, ಎಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು, ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಹಾಕಿ ಉಂಡು, ಪಾಳಿಗೆ ಹೋದರು. ಬೆಳಿಗ್ಗೆ ಅವರು ವಾಪಸ್ ಬಂದ ಮೇಲೆ ಅವರ ಎರಡೂ ಕೈ ನೋಡುವ ತನಕ ನಾನು ಕಣ್ಣು ಮುಚ್ಚಲಿಲ್ಲ.

ಕೈ ಕೂಡಿಕೊಂಡಿತು, ಆದರೆ ಸರಿಯಾಗಿ ಅಲ್ಲ. ಮಣಿಕಟ್ಟಿನ ಮೇಲೆ ಸ್ವಲ್ಪ ಡೊಂಕು ಉಳಿಯಿತು. ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲು ಅವಳಿಗೆ ಆಗುವುದಿಲ್ಲ. ತೀರ್ಥ, ಪ್ರಸಾದ ಎಲ್ಲ ಎಡಗೈಯ ಆಸರೆ ಕೊಟ್ಟೇ ತೆಗೆದುಕೊಳ್ಳುತ್ತಾಳೆ. ಮೂರು ತಿಂಗಳಾದ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು, "ಅವತ್ತೇ ಬಂದಿದ್ರೆ ಏನೂ ಆಗ್ತಿರ್ಲಿಲ್ಲ" ಅಂದರು. ಯಜಮಾನರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ನಿಮ್ಮಿಷ್ಟ ಅಂದವಳು ನಾನೇ ಅಲ್ಲವೆ.

ಕೈ ಮುರಿದದ್ದರ ಮುಂದಿನ ಭಾನುವಾರದಿಂದಲೇ ಅವರು ಮನೆಯಲ್ಲಿ ಮಲಗುವುದನ್ನು ಬಿಟ್ಟರು. ಪಾಳಿ ಮುಗಿಸಿ ಬಂದು, ತಿಂಡಿ ತಿಂದು, ಚಾಪೆ ಸುತ್ತಿಕೊಂಡು ಹೊಳೆಯ ಕಡೆ ಒಂದು ಮಂಟಪಕ್ಕೆ ಹೋಗುತ್ತಿದ್ದರು. ಅಲ್ಲಿ ನೊಣ, ಜನ, ಗಂಟೆಯ ಸದ್ದು. ಎಷ್ಟು ನಿದ್ದೆಯಾಗುತ್ತಿತ್ತೋ ದೇವರಿಗೇ ಗೊತ್ತು. ಒಂದೂವರೆ ವರ್ಷವಾದ ಮೇಲೆ ಹಗಲು ಪಾಳಿ ಸಿಕ್ಕಿತು. ಅಷ್ಟರಲ್ಲಿ ಅವರಿಗೆ ಬಿ.ಪಿ. ಹಿಡಿದಿತ್ತು.

ಅವರು ಮಂಟಪಕ್ಕೆ ಹೋದ ಮೊದಲ ಭಾನುವಾರ ನಾನು ಮಕ್ಕಳಿಗೆ, "ಇವತ್ತು ಎಷ್ಟಾದ್ರೂ ಗಲಾಟೆ ಮಾಡಿ, ಅಪ್ಪ ಇಲ್ಲಿಲ್ಲ" ಅಂದೆ. ಚಿಕ್ಕವನು ಎರಡು ಸುತ್ತು ಓಡಿದ. ಮಗಳು ಜೋಳಿಗೆ ಕಟ್ಟಿದ ಕೈ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ನಾನು ಬೇಕೆಂದೇ ಒಂದು ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಹಾಕಿ ಸದ್ದು ಮಾಡಿದೆ. "ನೋಡು, ಏನಾಯ್ತು? ಏನೂ ಆಗ್ನಿಲ್ಲ" ಅಂದೆ.

ತಟ್ಟೆ ಇನ್ನೂ ಸುತ್ತುತ್ತಾ ಗಣಗಣ ಅನ್ನುತ್ತಿತ್ತು. ಅವಳು ಬಂದು ಕಾಲಿನಿಂದ ಅದನ್ನು ಅದುಮಿ ನಿಲ್ಲಿಸಿದಳು.